ಗಾಳಿ ಜಾಸ್ತಿ ಮಾಡಿದರೆ ನಿದ್ದೆ ಜಾಸ್ತಿ ಬರುತ್ತಾ?

ಪ್ರಶ್ನೆ: ನನ್ನ ಯಜಮಾನರಿಗೆ 58 ವರ್ಷ. ಅಡಿಕೆ ವ್ಯಾಪಾರ. ಗೊರಕೆ ಮೊದಲಿಂದಲೂ ಇತ್ತು. ಹೋದ ವರ್ಷದಿಂದ ಗೊರಕೆಯ ಮಧ್ಯೆ ಉಸಿರೇ ನಿಂತು, ಬೆಚ್ಚಿಬಿದ್ದವರ ಹಾಗೆ ಎದ್ದು ಕೂರುತ್ತಿದ್ದರು. ನಿದ್ದೆ ಪರೀಕ್ಷೆ ಮಾಡಿಸಿದಾಗ ಎ.ಎಚ್.ಐ. (ಗಂಟೆಗೆ ಉಸಿರು ನಿಲ್ಲುವ ಲೆಕ್ಕ) 42 ಬಂತು. ಮೂರು ತಿಂಗಳಿಂದ ಆಟೋ ಸಿಪ್ಯಾಪ್ ಹಾಕುತ್ತಿದ್ದಾರೆ, ನಿದ್ದೆಯಲ್ಲಿ ಗಂಟಲು ಮುಚ್ಚದ ಹಾಗೆ ಮಾಸ್ಕ್‌ನಿಂದ ಗಾಳಿ ಒತ್ತುವ, ಒತ್ತಡವನ್ನು ತಾನೇ ಏರಿಳಿಸುವ ಯಂತ್ರ. ಮೂಗಿಗೆ ಮಾತ್ರ ಬರುವ ಮಾಸ್ಕ್. ಒತ್ತಡ 4ರಿಂದ 20 ಅಂತ ಇದೆ. ಬೆಳಿಗ್ಗೆ ನೋಡಿದರೆ ಎ.ಎಚ್.ಐ. 12, 13, ಒಮ್ಮೊಮ್ಮೆ 15 ತೋರಿಸುತ್ತದೆ. ಸೋರಿಕೆ 38. 95 ಪರ್ಸೆಂಟ್ ಒತ್ತಡ ಅಂತ ಒಂದು ಕಡೆ 11.6 ಇದೆ. ಹಾಕಿದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ ಅಂತಾರೆ. ಬೆಳಗಿನ ಜಾವ ಮೂರಕ್ಕೆ ಕಿತ್ತು ಬಿಸಾಕಿರುತ್ತಾರೆ. ಬಾಯಿ ಒಣಗಿ ಕಟ್ಟಿಗೆಯಾಗಿರುತ್ತದೆ. ಬೆಂಗಳೂರಲ್ಲಿರುವ ಮಗ ಯಂತ್ರದ ಒಳಗಿನ ಸೆಟ್ಟಿಂಗ್ ತೆಗೆಯುವುದು ಕಲಿತಿದ್ದಾನೆ. "ಸೀದಾ 15ಕ್ಕೆ ಇಟ್ಟುಬಿಡೋಣ" ಅನ್ನುತ್ತಾನೆ. ಇಡಬಹುದಾ ಡಾಕ್ಟ್ರೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಬೇಡಮ್ಮ. ಮಗನಿಗೆ ಸ್ವಲ್ಪ ತಡೆದುಕೊಳ್ಳಲು ಹೇಳಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾಕಂದ್ರೆ ಇದೇ ಕೆಲಸವನ್ನು ನಾನೇ ಮಾಡಿದ್ದೆ.

ನಾನೂ ಏಳು ವರ್ಷದಿಂದ ರಾತ್ರಿ ಮೂತಿಗೆ ಈ ಮಾಸ್ಕ್ ಕಟ್ಟಿಕೊಂಡೇ ಮಲಗುವವನು. ಮೊದಲ ವರ್ಷ ನನ್ನ ಎ.ಎಚ್.ಐ. 6ರ ಹತ್ತಿರ ನಿಂತಿತ್ತು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಮ್ಮಿಯಾಯಿತು ಅನ್ನುವ ಲೆಕ್ಕ ಅದು. 5ರ ಕೆಳಗಿದ್ದರೆ ಸಾಕು. ಆದರೆ ನನಗೆ ಸೊನ್ನೆ ಬೇಕಿತ್ತು. ಯಾರನ್ನೂ ಕೇಳದೆ ಒತ್ತಡವನ್ನು 9ರಿಂದ 14ಕ್ಕೆ ಏರಿಸಿದೆ. ಬೆಳಿಗ್ಗೆ ಎದ್ದರೆ ಹೊಟ್ಟೆ ತಮಟೆ. ಗಾಳಿಯೆಲ್ಲ ಅನ್ನನಾಳಕ್ಕೆ ಇಳಿದಿತ್ತು. ರೋಗಿಗಳ ಮುಂದೆ ಕೂತು ಮಧ್ಯಾಹ್ನದವರೆಗೆ ತೇಗಿದ್ದೇ ತೇಗಿದ್ದು. ಎ.ಎಚ್.ಐ. ನೋಡಿದರೆ 11! ಒತ್ತಡ ಜಾಸ್ತಿಯಾದಾಗ ಕೆಲವರಿಗೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಮ್ಮಿಯಾಗುತ್ತದೆ. ಆಗ ಗಂಟಲು ತೆರೆದೇ ಇದ್ದರೂ, ಉಸಿರು ತಗೋ ಅಂತ ಹೇಳುವುದನ್ನು ಮೆದುಳು ಮರೆಯುತ್ತದೆ. ಇದಕ್ಕೆ ಸೆಂಟ್ರಲ್ ಆಪ್ನಿಯಾ ಅನ್ನುತ್ತೇವೆ. ಇದಕ್ಕೆ ಇನ್ನಷ್ಟು ಗಾಳಿ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

15 ಅಂದರೆ ಎಷ್ಟು ಅಂತ ಮಗನಿಗೆ ಕೈಯಾರೆ ತೋರಿಸಿ. ಹಿತ್ತಲಿಂದ ಪರಂಗಿ ಎಲೆಯ ಉದ್ದ ದಂಟು ಕಿತ್ತು ತನ್ನಿ. ಹಾಲನ್ನು ಚೆನ್ನಾಗಿ ತೊಳೆಯಿರಿ, ಇಲ್ಲಾಂದ್ರೆ ತುಟಿ ಉರಿಯುತ್ತದೆ. ಚಿಕ್ಕಂದಿನಲ್ಲಿ ಇದರಲ್ಲಿ ಗುಳ್ಳೆ ಊದಿದವರೇ ಅಲ್ವಾ ನಾವೆಲ್ಲ? ಬಕೆಟ್ ನೀರಲ್ಲಿ ದಂಟನ್ನು ಎರಡು ಬೆರಳಿನ ಅಗಲದಷ್ಟು ಮುಳುಗಿಸಿ ಊದಲಿ. ಗುಳ್ಳೆ ಸಲೀಸಾಗಿ ಬರುತ್ತದೆ. ಅದು 4ರ ಒತ್ತಡ. ಈಗ ಮುಕ್ಕಾಲು ಗೇಣು ಮುಳುಗಿಸಿ ಊದಲಿ. ಕೆನ್ನೆ ಉಬ್ಬುತ್ತದೆ, ಕಿವಿ ಗುಂಯ್ ಅನ್ನುತ್ತದೆ. ಅದು 15. ಯಂತ್ರದ ಮೇಲಿನ ಅಂಕಿ ಅಂದರೆ ಇಷ್ಟೇ, ಇಷ್ಟು ಸೆಂಟಿಮೀಟರ್ ನೀರಿನ ಆಳ. ಅವನ ಅಪ್ಪ ರಾತ್ರಿಯಿಡೀ ಇದಕ್ಕೆ ಎದುರಾಗಿ ಉಸಿರು ಬಿಡಬೇಕು. ಅಷ್ಟು ಬೇಕಾದವರು ಖಂಡಿತ ಇದ್ದಾರೆ. ಆದರೆ 95 ಪರ್ಸೆಂಟ್ ಹೊತ್ತು 11.6 ಅಥವಾ ಅದಕ್ಕಿಂತ ಕಮ್ಮಿ ಒತ್ತಡದಲ್ಲೇ ಇರುವವರಿಗೆ 15 ಯಾಕೆ? ಈ ಚಿಕಿತ್ಸೆ ಕಂಡುಹಿಡಿದ ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು 1981ರಲ್ಲಿ ಮೊದಲ ಸಲ ವರದಿ ಮಾಡಿದಾಗ ಐದು ಜನ ರೋಗಿಗಳಿದ್ದರು. ಐವರಿಗೂ ಕಾಯಿಲೆ ಜೋರಾಗೇ ಇತ್ತು. ಕೊಟ್ಟ ಒತ್ತಡ ಮಾತ್ರ 4.5ರಿಂದ 10ರೊಳಗೆ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎ.ಎಚ್.ಐ. ಅಲ್ಲ, ಸೋರಿಕೆ 38. ರೆಸ್‌ಮೆಡ್ ಕಂಪನಿಯ ಯಂತ್ರವಾದರೆ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಅಂತ ಲೆಕ್ಕ. ಕೆಲವು ಕಂಪನಿಯವರು ಮಾಸ್ಕ್‌ನ ತೂತುಗಳಿಂದ ಬೇಕೆಂದೇ ಹೊರಬಿಡುವ ಗಾಳಿಯನ್ನೂ ಸೇರಿಸಿ ತೋರಿಸುತ್ತಾರೆ. ಹಾಗಾಗಿ ಯಾವ ಯಂತ್ರ ಅಂತ ನೋಡಿ. ಸೋರಿಕೆ ಇಷ್ಟಿದ್ದರೆ ಯಂತ್ರಕ್ಕೆ ಕಿವಿ ಮಂದವಾದ ಹಾಗೆ. ಗಂಟಲು ಮುಚ್ಚಿತಾ ಇಲ್ಲವಾ ಅಂತ ಅದಕ್ಕೇ ಸರಿಯಾಗಿ ಗೊತ್ತಾಗುವುದಿಲ್ಲ. ಆ 13 ಕೂಡ ಪೂರ್ತಿ ನಂಬುವ ಅಂಕಿಯಲ್ಲ, 11.6 ಕೂಡ ಅಲ್ಲ.

ಎಲ್ಲಿಂದ ಸೋರುತ್ತಿದೆ? ಮೂಗಿನ ಮಾಸ್ಕ್, ಬೆಳಿಗ್ಗೆ ಬಾಯಿ ಕಟ್ಟಿಗೆ. ಬಾಯಿಂದಲೇ ಅಂತ ನನ್ನ ಅನುಮಾನ. ನಿದ್ದೆಯಲ್ಲಿ ದವಡೆ ಜಾರಿ ಬಾಯಿ ತೆರೆಯುತ್ತದೆ, ಮೂಗಿಂದ ಹೋದ ಗಾಳಿ ಬಾಯಲ್ಲಿ ಹೊರಗೆ ಬರುತ್ತದೆ. ರಾತ್ರಿ ಎರಡಕ್ಕೆ ಒಮ್ಮೆ ಎದ್ದು ಅವರ ತುಟಿಯ ಮುಂದೆ ಕೈಯ ಹಿಂಭಾಗ ಹಿಡಿಯಿರಿ. ತಣ್ಣಗೆ ಗಾಳಿ ಬಡಿದರೆ ಅದೇ. ಮೂಗು ಕಟ್ಟಿದೆಯಾ ನೋಡಿ ಅದಕ್ಕೆ ಮದ್ದು ಮಾಡಿಸಿ. ಅದರಿಂದಲೂ ಆಗದಿದ್ದರೆ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಬೇಕು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಲಗಿ, ಯಂತ್ರ ಹಾಕಿಸಿಕೊಂಡು, ಮಗ್ಗುಲು ಬದಲಿಸಿ ನೋಡಲಿ. ಕೂತಾಗ ಸರಿಯಾಗಿ ಕೂರುವ ಮಾಸ್ಕ್ ಮಲಗಿದಾಗ ಜಾರುತ್ತದೆ, ಮುಖದ ಮಾಂಸವೇ ಜಾರುತ್ತದಲ್ಲ. ಮನೆಯಲ್ಲೂ ಪಟ್ಟಿ ಬಿಗಿಯುವುದು ಮಲಗಿಕೊಂಡೇ.

ಇನ್ನೊಂದು ಕೇಳಲೇಬೇಕು. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರಾ? ನಮ್ಮ ಕಡೆ ಮುಕ್ಕಾಲು ಸೋರಿಕೆ ಅದರದ್ದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಎಣ್ಣೆ ಹಣೆಗಿಳಿದು ಸಿಲಿಕೋನ್ ಮೇಲೆ ಕೂತರೆ ಮಾಸ್ಕ್ ಸೋಪಿನ ಹಾಗೆ ಜಾರುತ್ತದೆ. ಅವರು ಪಟ್ಟಿ ಇನ್ನೂ ಬಿಗಿಯುತ್ತಾರೆ, ಮೂಗಿನ ದಿಂಡು ಹುಣ್ಣಾಗುತ್ತದೆ. ಎಣ್ಣೆ ಬೆಳಿಗ್ಗೆ ಹಚ್ಚಲಿ. ಮಲಗುವಾಗ ಮುಖ ತೊಳೆಯಲಿ. ಮಾಸ್ಕ್‌ನ ಮೆತ್ತೆಯನ್ನು ದಿನಾ ಸೌಮ್ಯ ಸೋಪಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಸೋರಿಕೆ ಇಳಿದು ಒಂದು ವಾರ ಆದ ಮೇಲೆ ಅಂಕಿಗಳನ್ನು ಮತ್ತೆ ನೋಡಿ. ಎ.ಎಚ್.ಐ. ಆಗಲೂ 5ರ ಮೇಲಿದ್ದರೆ ಒತ್ತಡದ ಮಾತು ಆಡೋಣ. ಆಗಲೂ ಮುಟ್ಟಬೇಕಾದ್ದು ಮೇಲಿನ 20 ಅಲ್ಲ, ಕೆಳಗಿನ 4. ಆಟೋ ಯಂತ್ರ ಸಾಮಾನ್ಯವಾಗಿ ಕಾರ್ಖಾನೆಯಿಂದ ಬರುವುದೇ 4ರಿಂದ 20 ಅಂತ. ಸುಮ್ನೆ ಹಾಗೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ನಿಮ್ಮವರ ಗಂಟಲು ತೆರೆದಿರಲು 9ರಿಂದ 11 ಬೇಕು ಅಂತಿಟ್ಟುಕೊಳ್ಳಿ. ಯಂತ್ರ 4ರಲ್ಲಿ ಕೂತಿರುತ್ತದೆ. ಗಂಟಲು ಮುಚ್ಚಿದ ಮೇಲೆ ಎಚ್ಚೆತ್ತು ಮೆಲ್ಲಗೆ ಮೇಲೇರುತ್ತದೆ. ಅದು ಹತ್ತುವಷ್ಟರಲ್ಲಿ ನಾಲ್ಕಾರು ಸಲ ಉಸಿರು ನಿಂತಾಗಿರುತ್ತದೆ. ಆಮೇಲೆ ಎಲ್ಲ ಸರಿಯಿದೆ ಅಂತ ಮತ್ತೆ ಕೆಳಗಿಳಿಯುತ್ತದೆ, ಮತ್ತೆ ಮುಚ್ಚುತ್ತದೆ. ಕಳ್ಳ ಓಡಿಹೋದ ಮೇಲೆ ಬರುವ ಕಾವಲುಗಾರ. ಹಾಕಿದ ಕೂಡಲೇ ಉಸಿರು ಕಟ್ಟುತ್ತದೆ ಅಂತಾರಲ್ಲ, ಅದಕ್ಕೂ ಈ 4 ಕಾರಣವಿರಬಹುದು. ಅಷ್ಟು ಸಣ್ಣ ಗಾಳಿ ಮೈ ದೊಡ್ಡದಿರುವವರಿಗೆ ಸಾಕಾಗುವುದಿಲ್ಲ. ಮೊದಲ ಅರ್ಧ ಗಂಟೆ ಮೆಲ್ಲಗೆ ಏರುವ ರ್‍ಯಾಂಪ್ ಇದ್ದರೆ ಅದರ ಶುರುವನ್ನೂ 6ಕ್ಕೆ ತರಿಸಿ.

ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, "ಕೆಳಗಿನ ಒತ್ತಡವನ್ನು 6ಕ್ಕೆ ತಂದು, ಒಂದು ವಾರ ನೋಡಿ, ಆಮೇಲೆ 7, 8 ಮಾಡಬಹುದಾ" ಅಂತಲೇ ಕೇಳಿ. ಯಂತ್ರದಲ್ಲಿ ಮೋಡೆಮ್ ಇದ್ದರೆ ಅವರು ಕೂತಲ್ಲಿಂದಲೇ ಬದಲಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಸ್ಕ್, ಒತ್ತಡ, ತೇವಾಂಶ ಮೂರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ದೇವರಿಗೇ ಗೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲೇ ಎ.ಎಚ್.ಐ., ಸೋರಿಕೆ, ಎಷ್ಟು ಗಂಟೆ ಹಾಕಿದ್ದರು ಅಂತ ಬರೆಯಿರಿ. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯವೂ ಇರುತ್ತದೆ, 1ರಿಂದ 3ರವರೆಗೆ. ಹಿತವಾಗಿರುತ್ತದೆ, ಆದರೆ 3 ಇಟ್ಟರೆ 8ರ ಒತ್ತಡ ಉಸಿರು ಬಿಡುವಾಗ 5 ಆಗುತ್ತದೆ ಅನ್ನುವುದು ನೆನಪಿರಲಿ.

ಮೆಮೊರಿ ಕಾರ್ಡಿನ ವರದಿಯಲ್ಲಿ ಉಸಿರು ನಿಂತದ್ದರಲ್ಲಿ ಗಂಟಲು ಮುಚ್ಚಿದ್ದೆಷ್ಟು, ಸೆಂಟ್ರಲ್ ಎಷ್ಟು ಅಂತ ಬೇರೆ ಬೇರೆ ಇರುತ್ತದೆ. ಸೆಂಟ್ರಲ್ ಜಾಸ್ತಿಯಿದ್ದರೆ ಏನನ್ನೂ ಏರಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಹೃದಯ ದುರ್ಬಲವಾಗಿದ್ದರೆ, ಹಿಂದೆ ಪಾರ್ಶ್ವವಾಯು ಆಗಿದ್ದರೆ, ಶ್ವಾಸಕೋಶದ ಹಳೇ ಕಾಯಿಲೆಯಿದ್ದರೆ ಮನೆಯಲ್ಲಿ ಒಂದು ಪಾಯಿಂಟೂ ಮುಟ್ಟುವಂತಿಲ್ಲ.

ಇನ್ನು, ಶಿವಮೊಗ್ಗ ಮಂಡಿಗೆ ಅವರೇ ಕಾರು ಓಡಿಸಿಕೊಂಡು ಹೋಗುತ್ತಾರಾ? ಹಗಲು ತೂಕಡಿಕೆ ಹೋಗುವವರೆಗೆ ಬೇಡ. ಡ್ರೈವರ್ ಇಟ್ಟುಕೊಳ್ಳಲಿ, ಇಲ್ಲವೇ ಬಸ್ಸು ಹತ್ತಲಿ.

ಪ್ರಶ್ನೆ: ಸಿಪ್ಯಾಪ್‌ನ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನಮ್ಮದು ಬೋರ್‌ವೆಲ್ ನೀರು. ಫಿಲ್ಟರ್ ನೀರು ಹಾಕಬಹುದಾ?
— ಓದುಗರು, ಕೋಲಾರ

ಉತ್ತರ: ಬೋರ್‌ವೆಲ್ ನೀರಿನ ಸುಣ್ಣ ಅದು, ಸ್ನಾನದ ಗೀಸರಿನಲ್ಲಿ ಕಟ್ಟುವುದೇ ಇಲ್ಲೂ ಕಟ್ಟಿದೆ. ಡಿಸ್ಟಿಲ್ಡ್ ನೀರು ಹಾಕಿ, ಮೆಡಿಕಲ್ ಶಾಪಿನಲ್ಲಿ ಕೇಳಿ. ಬ್ಯಾಟರಿಗೆ ಹಾಕುವ ನೀರು ಅಗ್ಗ ಅಂತ ತರಬೇಡಿ, ಅದು ಉಸಿರಾಟಕ್ಕೆ ಅಂತ ಮಾಡಿದ್ದಲ್ಲ. ಊರಿಗೆ ಹೋದಾಗ ಒಂದೆರಡು ರಾತ್ರಿ ಫಿಲ್ಟರ್ ನೀರನ್ನು ಕುದಿಸಿ ಆರಿಸಿ ಹಾಕಿದರೆ ತೊಂದರೆಯಿಲ್ಲ. ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿ, ಡಬ್ಬಿ ಒಣಗಿಸಿ. ನಿನ್ನೆಯ ನೀರಿಗೆ ಇವತ್ತಿನದು ಸೇರಿಸುವ ಅಭ್ಯಾಸ ಬಹಳ ಮನೆಯಲ್ಲಿದೆ, ನನಗಂತೂ ಅದು ನೋಡಿದರೆ ಮೈ ಉರಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಪೈಪಿನಲ್ಲಿ ನೀರು ನಿಂತು ಗುಳುಗುಳು ಅನ್ನುತ್ತದೆ, ಮೂಗಿಗೂ ಹನಿ ಬರುತ್ತದೆ. ಕರೆಂಟು ಬೇರೆ ಹೋಗುತ್ತಿರುತ್ತದೆ. ಮಾಸ್ಕ್ ಹಾಕಿರುವಾಗ ಕರೆಂಟು ಹೋದರೆ ಉಸಿರು ಕಟ್ಟುವುದಿಲ್ಲವಾ?
— ಓದುಗರು, ಮಡಿಕೇರಿ

ಉತ್ತರ: ಕಟ್ಟುವುದಿಲ್ಲ. ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ನಲ್ಲಿ ಗಾಳಿ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಪುಟ್ಟ ಕವಾಟ ಇರುತ್ತದೆ. ಮೂಗಿನ ಮಾಸ್ಕ್ ಆದರೆ ಬಾಯಿ ಇದ್ದೇ ಇದೆ. ಇನ್‌ವರ್ಟರ್ ಮೇಲೆ ಓಡಿಸುವಾಗ ನೀರು ಬಿಸಿ ಮಾಡುವುದನ್ನು, ಬಿಸಿ ಪೈಪನ್ನು ಆಫ್ ಮಾಡಿ. ಕರೆಂಟು ಜಾಸ್ತಿ ಕುಡಿಯುವುದು ಅವೇ, ಗಾಳಿ ಊದುವ ಮೋಟರ್ ಅಲ್ಲ.

ಗುಳುಗುಳುವಿಗೆ: ಬಿಸಿ ತೇವದ ಗಾಳಿ ತಣ್ಣನೆ ಪೈಪಿನಲ್ಲಿ ಹನಿಯಾಗುತ್ತದೆ. ತೇವಾಂಶವನ್ನು ಒಂದು ಅಂಕಿ ಇಳಿಸಿ. ಯಂತ್ರವನ್ನು ಮಂಚಕ್ಕಿಂತ ತಗ್ಗಾದ ಸ್ಟೂಲಿನ ಮೇಲಿಡಿ, ಹನಿ ವಾಪಸ್ ಡಬ್ಬಿಗೆ ಇಳಿಯುತ್ತದೆ. ಪೈಪಿಗೆ ಹಳೇ ಪಂಚೆಯ ತುಂಡು ಸುತ್ತಿ, ಇಲ್ಲವೇ ಕಂಬಳಿಯೊಳಗೆ ಹಾಯಿಸಿ. ಯಂತ್ರದ ಮೇಲೆ ಮಾತ್ರ ಏನೂ ಹೊದಿಸಬೇಡಿ, ಗಾಳಿ ಎಳೆಯುವ ಕಿಂಡಿ ಅಲ್ಲೇ ಇರುವುದು.