ಕಲಬುರಗಿಯಿಂದ ಜರ್ಮನಿಗೆ ಓದಲು ಹೋಗುವವರಿಗೆ ಕೆಮ್ನಿಟ್ಸ್‌ನಂಥ ಅಗ್ಗದ ಊರು ಆದೀತೇ?

ಕಲಬುರಗಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೀರಿ, ತಂದೆಯವರಿಗೆ ಆಳಂದದ ಕಡೆ ತೊಗರಿ ಹೊಲವಿದೆ, ಮ್ಯೂನಿಕ್‌ನ ಖರ್ಚು ನಿಭಾಯಿಸಲಾಗದು, ಕೆಮ್ನಿಟ್ಸ್ ಆದೀತೇ ಎಂದು ಕೇಳಿದ್ದೀರಿ. ನಾನೂ ಕಲಬುರಗಿಯವನೇ, ಕೆಮ್ನಿಟ್ಸ್‌ನಲ್ಲೇ ಸ್ನಾತಕೋತ್ತರ ಪದವಿ ಓದಿದವನು. ಆದೀತು. ಆದರೆ ಆ ಊರು ಏಕೆ ಅಗ್ಗವಾಯಿತು ಎಂಬುದನ್ನು ತಿಳಿದುಕೊಂಡು ಹೋಗಿ.

ಪೂರ್ವ ಜರ್ಮನಿಯ ಕಾಲದಲ್ಲಿ, ಅಂದರೆ 1953ರಿಂದ 1990ರವರೆಗೆ, ಅದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಮಾರ್ಕ್ಸ್‌ನ 7 ಮೀಟರ್ ಎತ್ತರದ ತಲೆ ಇನ್ನೂ ನಡು ಊರಿನಲ್ಲಿದೆ. ಆಗ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದರು. ದೇಶ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿದವು, ಹರೆಯದವರು ಪಶ್ಚಿಮಕ್ಕೆ ಹೋದರು. ಈಗಿನ ಜನಸಂಖ್ಯೆ ಸುಮಾರು 2.5 ಲಕ್ಷ. ಜನ ಹೋದರು, ಮನೆಗಳು ಉಳಿದವು; ಬಾಡಿಗೆ ಕಡಿಮೆ ಇರುವುದು ಹೀಗೆ. ಆದರೆ ಅದೇ ಕಾರಣಕ್ಕೆ ವಿದ್ಯಾರ್ಥಿಗಳಿಗೆ ಸಿಗುವ ಅರೆಕಾಲಿಕ ಕೆಲಸಗಳೂ ದೊಡ್ಡ ನಗರಗಳಿಗಿಂತ ಕಡಿಮೆ. ಅಲ್ಲಿನ ಹಿರಿಯರು ಶಾಲೆಯಲ್ಲಿ ಕಲಿತದ್ದು ರಷ್ಯನ್, ಇಂಗ್ಲಿಷ್ ಅಲ್ಲ. ಬೇಕರಿಯಲ್ಲಾಗಲಿ ಗೋದಾಮಿನಲ್ಲಾಗಲಿ ಜರ್ಮನ್ ಬಾರದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಷ್ಟ. ಬಾಡಿಗೆಯಲ್ಲಿ ಉಳಿಸಿದ್ದನ್ನು ಭಾಷೆ ಕಲಿಯಲು ಬಳಸುವವರಿಗೆ ಇದು ಒಳ್ಳೆಯ ಊರು. ಇಂಗ್ಲಿಷಿನಲ್ಲೇ ದುಡಿದು ಖರ್ಚು ತೂಗಿಸುತ್ತೇನೆ ಎನ್ನುವವರ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಈಗ ಹಣದ ಮಾತು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕುತ್ತಿದೆ. 'ಜರ್ಮನಿಯಲ್ಲಿ ಓದು ಉಚಿತ' ಎಂದು ನಮ್ಮೂರ ಸೂಪರ್ ಮಾರ್ಕೆಟ್ ಪ್ರದೇಶದ ಕನ್ಸಲ್ಟೆನ್ಸಿಯವರು ಹೇಳಿದರೆ ಯಾವ ರಾಜ್ಯ, ಯಾವ ಕೋರ್ಸು ಎಂದು ಮರುಪ್ರಶ್ನೆ ಹಾಕಿ.

ನಮ್ಮ ಕಡೆಯ ಮನೆಗಳಲ್ಲಿ ಎದೆ ಝಲ್ಲೆನಿಸುವುದು ಬ್ಲಾಕ್ಡ್ ಅಕೌಂಟ್. ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚೆಂದು 11,904 ಯೂರೋ ಅದರಲ್ಲಿ ಇಡಬೇಕು. ಯೂರೋಗೆ ನೂರು ರೂಪಾಯಿ ಹಿಡಿದರೂ 12 ಲಕ್ಷದ ಹತ್ತಿರ. ಇದು ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೆ ಬರುತ್ತದೆ. ಶಿಕ್ಷಣ ಸಾಲದ ಹಣವನ್ನೂ ಇದರಲ್ಲಿ ಇಡಬಹುದು, ಆದ್ದರಿಂದ ಹೊಲ ಮಾರುವ ಮಾತು ಎತ್ತುವ ಮುನ್ನ ಬ್ಯಾಂಕಿಗೆ ಹೋಗಿ ಬನ್ನಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾದರೆ ವಿದೇಶದಲ್ಲಿ ಓದಲು ನೆರವಾಗುವ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯನ್ನೂ ವಿಚಾರಿಸಿ.

ಈ 992 ಯೂರೋ ಎಲ್ಲಿದ್ದರೂ ಅಷ್ಟೇ. ಅಗ್ಗದ ಊರಿನ ಲಾಭ ಇಲ್ಲಿ ಕಾಣುತ್ತದೆ. ಮ್ಯೂನಿಕ್‌ನಲ್ಲಿ ಒಂದು ಕೋಣೆಗೆ 700 ಯೂರೋ ದಾಟುವುದು ಸಾಮಾನ್ಯ, ಕೆಮ್ನಿಟ್ಸ್‌ನಲ್ಲಿ 300ರ ಆಸುಪಾಸಿನಲ್ಲಿ ಸಿಗುತ್ತದೆ. ಆರೋಗ್ಯ ವಿಮೆಗೆ ತಿಂಗಳಿಗೆ ಸುಮಾರು 140 ಯೂರೋ, ಇದು ಎಲ್ಲಿಯೂ ತಪ್ಪದು. ಆಕಾಶವಾಣಿ, ಟಿ.ವಿ. ಸೇವೆಗೆ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಕಟ್ಟಬೇಕು, ಟಿ.ವಿ. ಇಲ್ಲದಿದ್ದರೂ! ನಾಲ್ವರು ಸೇರಿ ಮನೆ ಹಿಡಿದರೆ ಅದು ನಾಲ್ಕು ಪಾಲಾಗುತ್ತದೆ. ಬಾಡಿಗೆ ನೋಡುವಾಗ ಕೋಣೆ ಬೆಚ್ಚಗಿಡುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಿ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬೆಳೆದ ನಮಗೆ ಈ ಪ್ರಶ್ನೆ ತೋಚುವುದೇ ಇಲ್ಲ. ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ.

ದುಡಿಮೆಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನಗಳ ಮಿತಿಯಿದೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಸಹಾಯಕರಾಗಿ ಮಾಡುವ ಕೆಲಸ ಈ ಮಿತಿಗೆ ಬರುವುದಿಲ್ಲ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ ಕೂಡ. ಮೆಕ್ಯಾನಿಕಲ್‌ನವರಾದ ನೀವು ಮೊದಲು ಕಣ್ಣಿಡಬೇಕಾದದ್ದು ಅದರ ಮೇಲೆ.

ಊಟದ ಚಿಂತೆ ದೊಡ್ಡದಲ್ಲ. ತೊಗರಿ ಬೇಳೆ ಏಷ್ಯಾ ಅಂಗಡಿಗಳಲ್ಲಿ ಸಿಗುತ್ತದೆ. ಜೋಳದ ಹಿಟ್ಟಿನದೇ ಅಭಾವ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗಿ. ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ಹಾಗಾಗಿ ಮಾಲ್ಪುರಿಯನ್ನು ಇಲ್ಲಿಯೇ ಹೊಟ್ಟೆತುಂಬ ತಿಂದು ಹೊರಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. 2018ರ ಆಗಸ್ಟಿನಲ್ಲಿ ಕೆಮ್ನಿಟ್ಸ್‌ನಲ್ಲಿ ತೀವ್ರ ಬಲಪಂಥೀಯರು ಬೀದಿಗಿಳಿದಿದ್ದರು, ವಿದೇಶೀಯರ ಮೇಲೆ ಹಲ್ಲೆಗಳಾಗಿದ್ದವು. 2025ರಲ್ಲಿ ಅದೇ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಎರಡೂ ನಿಜ. ಭಾರತೀಯ ವಿದ್ಯಾರ್ಥಿಗಳು ಅಲ್ಲಿ ಬಹಳಷ್ಟಿದ್ದಾರೆ, ದಿನನಿತ್ಯದ ಬದುಕು ಶಾಂತವಾಗಿಯೇ ನಡೆಯುತ್ತದೆ. ಆದರೂ ಮೆರವಣಿಗೆಯಿರುವ ದಿನ ನಡು ಊರಿನ ಕಡೆ ಹೋಗದಿರುವುದು ನನ್ನ ರೂಢಿಯಾಗಿತ್ತು, ನಿಮಗೂ ಅದನ್ನೇ ಹೇಳುತ್ತೇನೆ. ಇನ್ನು ನಮ್ಮವರ ಗುಂಪಿನಲ್ಲೇ ಇದ್ದುಬಿಟ್ಟರೆ ಜರ್ಮನ್ ಬರುವುದಿಲ್ಲ. ಪದವಿಯ ನಂತರ ಕೆಲಸ ಹುಡುಕಲು ಸಿಗುವ 18 ತಿಂಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಆದ್ದರಿಂದ ತರಗತಿ ಇಲ್ಲಿಂದಲೇ ಶುರುವಾಗಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರು ಆನ್‌ಲೈನ್‌ನಲ್ಲೂ ಕಲಿಸುತ್ತಾರೆ. ಜೊತೆಗೇ ನಿಮ್ಮ ಪದವಿ, ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಅದಿಲ್ಲದೆ ವಿದ್ಯಾರ್ಥಿ ವೀಸಾ ಇಲ್ಲ. ನಿಮ್ಮ ಅಂಕಗಳನ್ನೂ ನೋಡಿಟ್ಟಿರುವ ಕೋರ್ಸಿನ ಹೆಸರನ್ನೂ ಕೆಳಗೆ ಬರೆದರೆ, ಕೆಮ್ನಿಟ್ಸ್ ಸರಿಯೋ ಅಂಥದೇ ಇನ್ನೊಂದು ಊರಾದ ಮಾಗ್ಡೆಬರ್ಗ್ ಸರಿಯೋ ಎಂದು ಹೇಳಬಲ್ಲೆ.