ಗೇರ್‌ಬಾಕ್ಸ್ ಬದಲಾಯಿಸಿ ಅಂದ ತಕ್ಷಣ ಹೂಂ ಅನ್ನಬೇಡ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮೂಡಿಗೆರೆಯಿಂದ ಒಹಾಯೋಗೆ ಬಂದು ಮೂರು ತಿಂಗಳಾಯಿತು, ಮನೆ, ಬ್ಯಾಂಕು, ಲೈಸೆನ್ಸು ಎಲ್ಲ ಆಯಿತು, ಈಗ ಕಾರೇ ತಲೆನೋವಾಗಿದೆ ಅಂತ ಬರೆದಿದ್ದೀಯ. 2008ರ ಆಟೋಮ್ಯಾಟಿಕ್. ಬೆಳಿಗ್ಗೆ ರಿವರ್ಸ್‌ಗೆ ಹಾಕಿದರೆ ಒಂದೆರಡು ಸೆಕೆಂಡು ಸುಮ್ಮನಿದ್ದು ಆಮೇಲೆ ದಡಕ್ಕಂತ ಹಿಡಿಯುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಇಂಜಿನ್ ಸದ್ದು ಮಾತ್ರ ಏರುತ್ತದೆ, ಕಾರು ಎಳೆಯುವುದಿಲ್ಲ. ಸ್ವಲ್ಪ ದೂರ ಓಡಿಸಿದ ಮೇಲೆ ಸರಿಹೋಗುತ್ತದೆ. ಗ್ಯಾರೇಜಿನವರು ಪಿ0700 ಅನ್ನೋ ಕೋಡ್ ತೋರಿಸಿ ಗೇರ್‌ಬಾಕ್ಸೇ ಬದಲಾಯಿಸಬೇಕು ಅಂದರಂತೆ. "ಅಕ್ಕ, ಇಲ್ಲಿ ಬದುಕು ಅಂದ್ರೆ ಎಲ್ಲದಕ್ಕೂ ಹೀಗೇ ದುಡ್ಡು ಸುರಿಯೋದಾ?" ಅಂತ ಕೇಳಿದ್ದೀಯ.

ಇಲ್ಲ. ಆ ಒಂದು ಕೋಡ್ ನೋಡಿ ಯಾರೂ ಗೇರ್‌ಬಾಕ್ಸ್ ಬಿಚ್ಚಬಾರದು. ಪಿ0700 ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರು ಇಂಜಿನ್ ಕಂಪ್ಯೂಟರಿಗೆ "ನನ್ನ ಹತ್ತಿರ ಒಂದು ದೂರಿದೆ, ಲೈಟ್ ಹಾಕು" ಅಂದಿದೆ ಅಷ್ಟೇ. ದೂರು ಏನು ಅನ್ನೋದು ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲೇ ಇರುತ್ತದೆ. ಕೋಡ್ ಓದುವ ಅಗ್ಗದ ಸ್ಕ್ಯಾನರುಗಳು ಎಷ್ಟೋ ಸಲ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಒಳಗಿನ ಕೋಡ್ ಪಿ0730 ಆದರೆ ಗೇರ್ ಅನುಪಾತ ತಾಳೆ ಆಗುತ್ತಿಲ್ಲ, ಅಂದರೆ ಎಲ್ಲೋ ಜಾರುತ್ತಿದೆ. ಪಿ0715 ಆದರೆ ಒಳಬರುವ ವೇಗ ಅಳೆಯುವ ಸೆನ್ಸರ್ ಅಥವಾ ಅದರ ವೈರು. ಪಿ0750 ಆಯಿಲಿನ ದಾರಿ ತೆರೆದು ಮುಚ್ಚಿ ಗೇರ್ ಬದಲಿಸುವ ವಿದ್ಯುತ್ ಕವಾಟಕ್ಕೆ, ಅಂದರೆ ಶಿಫ್ಟ್ ಸೊಲೆನಾಯ್ಡ್‌ಗೆ ಸೇರಿದ್ದು. ಒಂದೊಂದರ ಖರ್ಚಿಗೂ ಅಜಗಜಾಂತರ ವ್ಯತ್ಯಾಸ. ಹಾಗಾಗಿ ಮೊದಲ ಕೆಲಸ, ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ ಎಲ್ಲ ಕೋಡುಗಳನ್ನೂ ಬರೆಸಿಕೊಂಡು ಬರುವುದು. ಕೋಡ್ ಬಿದ್ದ ಹೊತ್ತಿನಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಅನ್ನೋದೂ ಅಲ್ಲಿ ಉಳಿದಿರುತ್ತದೆ, ಅದನ್ನೂ ಕೇಳು. ಅಲ್ಲಿಯವರೆಗೆ ಬ್ಯಾಟರಿ ವೈರ್ ಬಿಚ್ಚಬೇಡ, ಆ ಮಾಹಿತಿ ಅಳಿಸಿಹೋಗಬಹುದು.

ನಾನೀಗ ರಜೆಗೆ ಹಾಸನಕ್ಕೆ ಬಂದಿದ್ದೇನೆ. ಮೊನ್ನೆ ಅಪ್ಪನ ಕಾರಿನ ಜೊತೆ ಬಿ.ಎಂ. ರಸ್ತೆಯ ಗ್ಯಾರೇಜಿನಲ್ಲಿ ಕೂತಿದ್ದೆ. ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಕೇಳಿದ್ದು: "ತಣ್ಣಗಿದ್ದಾಗ ಹೀಗಾಗುತ್ತಾ, ಬಿಸಿ ಆದ್ಮೇಲಾ? ದಿಣ್ಣೆ ಹತ್ತೋವಾಗಾ, ಸಮ ರಸ್ತೇಲಾ?" ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೇ ಒಂದು ಸುತ್ತು ಓಡಿಸಿಕೊಂಡು ಬಂದರು. ನೀನಿರುವ ಕಡೆ ಈ ಮಾತುಕತೆ ಕಮ್ಮಿ. ದೊಡ್ಡ ಗ್ಯಾರೇಜುಗಳಲ್ಲಿ ನಿನ್ನ ಹತ್ತಿರ ಮಾತಾಡುವವರು ಕೌಂಟರಿನವರು, ಕಾರಿನ ಕೆಳಗೆ ಮಲಗುವವರು ಬೇರೆ. ಇಬ್ಬರ ನಡುವೆ ಹೋಗುವುದು ಒಂದು ಚೀಟಿ. ಅದರಲ್ಲಿ "ಗೇರ್ ಸರಿಯಿಲ್ಲ" ಅಂತಷ್ಟೇ ಇದ್ದರೆ ಅವರೂ ಪಾಪ ಏನು ಮಾಡಿಯಾರು? ಊರಿನ ಮೆಕ್ಯಾನಿಕ್ ಕೇಳುವ ಪ್ರಶ್ನೆಗಳನ್ನು ಅಲ್ಲಿ ನೀನೇ ಕೇಳಿಕೊಂಡು, ಉತ್ತರ ಬರೆದು ಕೈಗೆ ಕೊಡಬೇಕು. ಅಲ್ಲಿನ ಬದುಕಿನ ಬಗ್ಗೆ ಕೇಳಿದೆಯಲ್ಲ, ನಾನು ಮೊದಲು ಹೇಳುವುದೇ ಇದನ್ನು.

ನಿನ್ನ ವಿವರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಓಡಿಸಿದ ಮೇಲೆ ಸರಿಹೋಗುತ್ತೆ" ಅನ್ನೋ ಮಾತು. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ನಡೆಯುವುದೇ ಆಯಿಲಿನ ಒತ್ತಡದಿಂದ. ಪಂಪು ಆಯಿಲನ್ನು ಒತ್ತಿದಾಗ ಒಳಗಿನ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿ ಗೇರ್ ಹಿಡಿಯುತ್ತವೆ. ಆಯಿಲ್ ಕಮ್ಮಿಯಿದ್ದರೆ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಏರುವುದು ತಡವಾಗುತ್ತದೆ. ಬಿಸಿಯಾದರೆ ಆಯಿಲ್ ಹಿಗ್ಗಿ ಮಟ್ಟ ಏರುತ್ತದೆ, ತೊಂದರೆ ಮರೆಯಾದಂತೆ ಕಾಣುತ್ತದೆ. ಹಳೆ ಕಾರಿನಲ್ಲಿ ರಬ್ಬರ್ ಸೀಲುಗಳು ಗಟ್ಟಿಯಾಗಿದ್ದರೂ ಹೀಗೇ ಆಗುತ್ತದೆ. ಒಹಾಯೋದ ಚಳಿಯಲ್ಲಂತೂ ಇನ್ನೂ ಜಾಸ್ತಿ. ಎರಡರಲ್ಲಿ ಯಾವುದು ಅಂತ ತಿಳಿಯಲು ಮೊದಲು ಆಯಿಲ್ ನೋಡಬೇಕು.

ನೋಡುವ ಕ್ರಮ ಮ್ಯಾನ್ಯುಯಲ್‌ನಲ್ಲಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಬಿಸಿಯಾಗಿ, ಓಡುತ್ತಿರುವಾಗ, ಸಮತಟ್ಟಾದ ಜಾಗದಲ್ಲಿ, ಪಾರ್ಕ್‌ನಲ್ಲಿಟ್ಟು ನೋಡಬೇಕು. ಹೋಂಡಾಗಳಲ್ಲಿ ಮಾತ್ರ ಬಿಸಿ ಮಾಡಿ, ಇಂಜಿನ್ ಆಫ್ ಮಾಡಿ, ಒಂದರಿಂದ ಒಂದೂವರೆ ನಿಮಿಷದೊಳಗೆ ನೋಡುವುದು. ಕೆಲವು ಕಾರುಗಳಲ್ಲಿ ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ, ಲಿಫ್ಟಿಗೆ ಎತ್ತಿ ಪ್ಲಗ್ ಬಿಚ್ಚಿ ನೋಡಬೇಕು, ಅದನ್ನು ಗ್ಯಾರೇಜಿಗೇ ಬಿಡು. ಡಿಪ್‌ಸ್ಟಿಕ್ ಇದ್ದರೆ ಮೊದಲ ಸಲ ಎಳೆದು ಒರೆಸಿ, ಮತ್ತೆ ಹಾಕಿ ತೆಗೆದು ಮಟ್ಟ ನೋಡು. ಆಮೇಲೆ ಒಂದು ಹನಿಯನ್ನು ಬಿಳಿ ಪೇಪರ್ ಟವೆಲ್ ಮೇಲೆ ಬೀಳಿಸು. ತಿಳಿಗೆಂಪು ಹರಡಿದರೆ ಒಳ್ಳೆಯದು. ಕಂದು ಬಣ್ಣವಿದ್ದರೆ ಹಳೆಯದಾಗಿದೆ. ಕಪ್ಪಾಗಿ, ನಡುವೆ ಸಣ್ಣ ಕಣಗಳು ಉಳಿದು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟು ಸವೆಯುತ್ತಿದೆ ಅಂತ ಅರ್ಥ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಬೆಳ್ಳಗೆ ಗುಲಾಬಿಯಾಗಿದ್ದರೆ ಕಾರನ್ನು ಅಲ್ಲೇ ನಿಲ್ಲಿಸು. ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿರಬಹುದು. ಹಾಗೇ ಓಡಿಸಿದರೆ ಒಳಗಿನ ಪ್ಲೇಟುಗಳ ಅಂಟು ಬಿಟ್ಟುಹೋಗುತ್ತದೆ.

ಮಟ್ಟ ಕಮ್ಮಿಯಿದ್ದರೆ ಎಲ್ಲೋ ಸೋರುತ್ತಿದೆ, ಅದು ಇಂಜಿನ್ ಆಯಿಲಿನ ಹಾಗೆ ಉರಿದುಹೋಗುವುದಿಲ್ಲ. ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡು, ಬೆಳಿಗ್ಗೆ ಗೊತ್ತಾಗುತ್ತದೆ. ತುಂಬಿಸುವಾಗ ಮ್ಯಾನ್ಯುಯಲ್‌ನಲ್ಲಿ ಹೇಳಿದ ಜಾತಿಯದ್ದೇ ಹಾಕು. ಡೆಕ್ಸ್ರಾನ್, ಮರ್ಕಾನ್, ಎಟಿಎಫ್ ಪ್ಲಸ್ 4 ಎಲ್ಲ ಬೇರೆ ಬೇರೆ. ಊರಲ್ಲಿ ನಾವು ಗೇರ್ ಆಯಿಲ್ ಅನ್ನುತ್ತೇವಲ್ಲ, ಆ ದಪ್ಪನೆಯದ್ದು ಇದಕ್ಕೆ ಹಾಕುವ ಹಾಗೇ ಇಲ್ಲ.

ನಿಮ್ಮ ಚಿಕ್ಕಪ್ಪ ಫೋನಿನಲ್ಲಿ ಕ್ಲಚ್ ಪ್ಲೇಟ್ ಸೆಟ್ ಬದಲಾಯಿಸು ಅಂದರು ಅಂತ ಬರೆದಿದ್ದೀಯ. ಅವರು ಹೇಳಿದ್ದು ಅವರಿಗೆ ಗೊತ್ತಿರುವ ಕಾರಿಗೆ ಸರಿ. 2014ರಲ್ಲಿ ಮಾರುತಿ ಸೆಲೆರಿಯೋ ಬಂದಾಗಿನಿಂದ ನಮ್ಮ ಕಡೆ ಆಟೋಮ್ಯಾಟಿಕ್ ಅಂದರೆ ಬಹಳ ಜನಕ್ಕೆ ಎಎಂಟಿ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ. ಚಾರ್ಮಾಡಿ ಹತ್ತುವಾಗ ಅದು ತಡವರಿಸಿದರೆ ಕ್ಲಚ್ ನೋಡುವುದು ನ್ಯಾಯ. ನಿನ್ನದರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಆಯಿಲಿನ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್. ಅದರ ರೋಗಲಕ್ಷಣವೇ ಬೇರೆ. ಒಂದೇ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿ ಹೋಗುವಾಗ ಕಲ್ಲುರಸ್ತೆ ಮೇಲೆ ಹೋದ ಹಾಗೆ ನಡುಗಿದರೆ ಅದರೊಳಗೆ ಎರಡನ್ನೂ ನೇರವಾಗಿ ಜೋಡಿಸುವ ಲಾಕಪ್ ಕ್ಲಚ್ ಮೇಲೆ ಅನುಮಾನ ಪಡಬಹುದು. ಹಿಂದೆ ಯಾರೂ ಇಲ್ಲದಾಗ ಎಡಗಾಲಿನಿಂದ ಬ್ರೇಕನ್ನು ಸುಮ್ನೆ ಮುಟ್ಟಿ ನೋಡು. ಲಾಕಪ್ ಬಿಟ್ಟುಕೊಂಡು ನಡುಕ ನಿಂತರೆ ಅನುಮಾನ ಗಟ್ಟಿಯಾಯಿತು. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ಕಡೆ ನೋಡಬೇಕು. ನಿನ್ನ ಕಾರಿನಲ್ಲಿ ಈ ನಡುಕ ಇದ್ದಂತಿಲ್ಲ, ಆದರೂ ತಿಳಿದಿರಲಿ.

ಬ್ಯಾಟರಿಯನ್ನೂ ಚೆಕ್ ಮಾಡಿಸು. ಚಳಿಗೆ ವೋಲ್ಟೇಜ್ ಬಿದ್ದರೆ ಗೇರ್‌ಬಾಕ್ಸ್ ಕಂಪ್ಯೂಟರು ಇಲ್ಲಸಲ್ಲದ ಕೋಡು ಹಾಕಬಹುದು. ರಿವರ್ಸ್‌ನಲ್ಲಿ ದಡಕ್ಕೆನ್ನುವುದು ಇಂಜಿನ್ ಕೂರುವ ರಬ್ಬರ್ ಆಸರೆ, ಅಂದರೆ ಇಂಜಿನ್ ಮೌಂಟ್, ಹರಿದಿದ್ದರೂ ಬರಬಹುದು.

ಆಯಿಲ್ ಹಳೆಯದಾಗಿದ್ದರೆ ಕೌಂಟರಿನವರು ಫ್ಲಷ್, ಅಂದರೆ ಯಂತ್ರದಿಂದ ಒತ್ತಿ ಹಳೆ ಆಯಿಲೆಲ್ಲ ಹೊರಹಾಕುವುದು, ಮಾಡಿಸಿ ಅನ್ನಬಹುದು. ವರ್ಷಾನುಗಟ್ಟಲೆ ಮುಟ್ಟದ ಗೇರ್‌ಬಾಕ್ಸಿಗೆ ಒತ್ತಡದ ಫ್ಲಷ್ ನನಗೆ ಇಷ್ಟವಿಲ್ಲ. ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್ ಇಳಿಸಿ, ಫಿಲ್ಟರ್ ಬದಲಾಯಿಸಿ, ಇಳಿದಷ್ಟು ಆಯಿಲ್ ತುಂಬಿಸು. ಹಾಗೆ ಅರ್ಧವೋ ಅದಕ್ಕೂ ಕಮ್ಮಿಯೋ ಬದಲಾಗುತ್ತದೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬಹುದು. ಪ್ಯಾನ್ ಇಳಿಸಿದಾಗ ಎದುರಿಗಿದ್ದು ಒಳಗಿನ ಅಯಸ್ಕಾಂತ ತೋರಿಸಿ ಅಂತ ಕೇಳು, ನಾಚಿಕೆ ಪಡಬೇಡ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಆಯಿಲಿನಿಂದ ಗುಣವಾಗುವ ಕಾಯಿಲೆ ಅಲ್ಲ.

ಅಂಥ ಚೂರು ಸಿಕ್ಕಿದರೆ, ಅಥವಾ ಆಯಿಲ್ ಸುಟ್ಟು ಬಿಸಿಯಲ್ಲೂ ಜಾರುತ್ತಿದ್ದರೆ, ಆಗ ಗೇರ್‌ಬಾಕ್ಸಿನ ಮಾತು. ಅದಕ್ಕೆ ಕೆಲವು ಸಾವಿರ ಡಾಲರ್ ಬೀಳುತ್ತದೆ. ಕಾರಿನ ಬೆಲೆಗಿಂತ ಅದೇ ಜಾಸ್ತಿಯಾದರೆ ಇದ್ದ ಹಾಗೇ ಮಾರಿ ಬೇರೆ ತಗೋ. ಮಾರುವಾಗ ತೊಂದರೆ ಮುಚ್ಚಿಡಬೇಡ. ಒಳಗಿನ ಕೋಡ್ ಬರೀ ಸೊಲೆನಾಯ್ಡ್ ಅಂದರೆ ಎಷ್ಟೋ ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸದೆ ಪ್ಯಾನ್ ಬಿಚ್ಚಿಯೇ ಹಾಕಬಹುದು. ಯಾವುದಕ್ಕೂ ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಅಂಗಡಿಯಿಂದ ಇನ್ನೊಂದು ಅಭಿಪ್ರಾಯ ತಗೋ, ಎಸ್ಟಿಮೇಟು ಬರವಣಿಗೆಯಲ್ಲಿರಲಿ, ವಾರಂಟಿ ಎಷ್ಟು ತಿಂಗಳು ಅಂತ ಅದರಲ್ಲೇ ಬರೆಸು. ಕಾರು ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡ. ಇಂಜಿನ್ ಓಡದಿದ್ದರೆ ಪಂಪು ತಿರುಗದು, ಆಯಿಲ್ ಇಲ್ಲದೆ ಒಳಗೆಲ್ಲ ಸವೆಯುತ್ತದೆ. ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸು.

ಈ ವಾರ ಆಯಿಲ್ ನೋಡಿ ಆ ಪೇಪರ್ ಟವೆಲಿನ ಫೋಟೋ ಮತ್ತು ಒಳಗಿನ ಕೋಡುಗಳನ್ನು ಕಳಿಸು. ತಿಂಗಳ ಕೊನೆಯವರೆಗೆ ಹಾಸನದಲ್ಲೇ ಇರುತ್ತೇನೆ. ನೀನು ರಾತ್ರಿ ಊಟ ಮುಗಿಸುವ ಹೊತ್ತಿಗೆ ಇಲ್ಲಿ ಬೆಳಗಾಗಿರುತ್ತದೆ, ಆಗ ಫೋನ್ ಮಾಡಿದರೂ ಸರಿ.