ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಎಸ್‌ಕ್ಯೂಲೈಟ್ ಸಾಕಾ?

ಹತ್ತಿಪ್ಪತ್ತು ಜನ ಒಟ್ಟಿಗೆ ಬಿಲ್ ಎಂಟ್ರಿ ಹಾಕ್ತಾರೆ, ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿ ಇರೋ ಚಿಕ್ಕ ಡೇಟಾಬೇಸ್) ಸಾಕಾ ಅಂತ ಕೇಳಿದೀರಲ್ವಾ. ನಡೆಯಲ್ಲ ಅಂತೇನಿಲ್ಲ, ಆದ್ರೆ ಅದರಲ್ಲಿ ಒಂದು ಸಲಕ್ಕೆ ಒಬ್ರೇ ಬರೆಯೋಕಾಗೋದು, ವಾಲ್ ಮೋಡ್ (ಬದಲಾವಣೆನ ಮೊದಲು ಬೇರೆ ಲಾಗ್ ಫೈಲ್‌ಗೆ ಬರೆಯೋ ವಿಧಾನ) ಹಾಕಿದ್ರೆ ಓದೋರಿಗೆ ಅಡ್ಡಿ ತಪ್ಪುತ್ತೆ ಅಷ್ಟೇ, ಬರೆಯೋರು ಕ್ಯೂ ನಿಲ್ಲಲೇಬೇಕು, ಆಮೇಲೆ 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಎರರ್ ಬಂದು ಶುರುವಾಗುತ್ತೆ ನೋಡಿ ತಲೆನೋವು.

ನಾನಾಗಿದ್ರೆ ಕಣ್ಮುಚ್ಚಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಗೋತೀನಿ. ಸ್ಪೀಡ್‌ಗಲ್ಲ, ಮೈಗ್ರೇಷನ್‌ಗೆ, ಅಂದ್ರೆ ಟೇಬಲ್‌ಗಳ ರಚನೆ ಬದಲಾಯಿಸೋಕೆ. ಮೂರು ಟೇಬಲ್ ಆಲ್ಟರ್ ಮಾಡೋ ಸ್ಕ್ರಿಪ್ಟು ಎರಡನೇದ್ರಲ್ಲಿ ಮುಗ್ಗರಿಸಿದ್ರೆ, ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲಾ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ರೆ (ಆದ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ ಅನ್ನೋ ಕೆಲಸಗಳ ಗುಂಪು) ರೋಲ್‌ಬ್ಯಾಕ್ ಆಗಿ ಮೊದಲಿನ ಹಾಗೇ ಇರುತ್ತೆ, ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಪ್ರತಿ ಆಲ್ಟರ್‌ಗೂ ತಾನಾಗೇ ಕಮಿಟ್ (ಖಾಯಂ) ಆಗ್ಬಿಡುತ್ತೆ, ಅರ್ಧಂಬರ್ಧ ಆಗಿದ್ದನ್ನ ನೀವೇ ಕೂತು ಸರಿಮಾಡ್ಬೇಕು. ಟೀಮಿಗೆ ಮೈಎಸ್‌ಕ್ಯೂಎಲ್ಲೇ ಚೆನ್ನಾಗಿ ಗೊತ್ತು ಅಂದ್ರೆ ಅದೇ ಇರ್ಲಿ ಬಿಡಿ, ಜಗಳ ಬೇಡ.

ಈ ಎರಡರಲ್ಲಿ ಯಾವುದೇ ತಗೊಳ್ಳಿ, ದುಡ್ಡಿನ ಕಾಲಮ್‌ಗೆ ಮಾತ್ರ ಫ್ಲೋಟ್ (ಪೈಸೆನ ಅಂದಾಜಾಗಿ ಇಡೋ ಟೈಪ್) ಬೇಡ್ವೇ ಬೇಡ, ನಿಖರವಾಗಿ ಇಡೋ ಡೆಸಿಮಲ್ ಹಾಕಿ.